ಮೂರು ತಾಸು, ಮೂವತ್ಮೂರು ಗೇಟು

ತುಂಗಭದ್ರಾ ಅಣೆಕಟ್ಟೆಯಿಂದ ನೀರು ಧುಮ್ಮಿಕ್ಕುವುದನ್ನು ಅರ್ಧ ದಿನದಲ್ಲಿ ನೋಡಿ ಬರಬೇಕೆನ್ನುವವರಿಗೆ

ಮಳೆಗಾಲದಲ್ಲಿ ಟಿ.ಬಿ. ಡ್ಯಾಂನ ಗೇಟು ತೆರೆದ ಸುದ್ದಿ ಪತ್ರಿಕೆಯಲ್ಲಿ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ, ದಾವಣಗೆರೆಯ ಮನೆಗಳಲ್ಲಿ ಒಂದು ದಿನದ ಪ್ರವಾಸದ ಲೆಕ್ಕಾಚಾರ ಶುರುವಾಗುತ್ತದೆ. ಬೆಳಿಗ್ಗೆ ಡ್ಯಾಂ, ಹತ್ತು ಗಂಟೆಗೆ ಹಂಪಿ, ಊಟವಾದ ಮೇಲೆ ಆನೆಗೊಂದಿ, ಸಂಜೆಗೆ ಅಂಜನಾದ್ರಿಯ ಮೆಟ್ಟಿಲು, ಸಾಧ್ಯವಾದರೆ ವಾಪಸು ಹೋಗುವಾಗ ಸಂಡೂರು. ಬರೆದಿಟ್ಟುಕೊಂಡಾಗ ಎಲ್ಲವೂ ಹೊಂದಿಕೊಳ್ಳುತ್ತದೆ. ಹೊಸಪೇಟೆಯಿಂದ ಡ್ಯಾಂ 5–6 ಕಿ.ಮೀ., ಹಂಪಿ ಸುಮಾರು 13 ಕಿ.ಮೀ., ಸಂಡೂರು ಮತ್ತು ಕಂಪ್ಲಿ ಒಂದೊಂದು ದಿಕ್ಕಿಗೆ 30 ಕಿ.ಮೀ. ಆಸುಪಾಸು. ಎಲ್ಲವೂ ಇಷ್ಟು ಹತ್ತಿರ ಇರುವುದೇ ಇಲ್ಲಿಗೆ ಬರುವವರನ್ನು ದಾರಿ ತಪ್ಪಿಸುತ್ತದೆ. ನೋಡಲು ಹೊರಟದ್ದು ನೀರನ್ನು. ನೀರು ಗುಡಿಗೋಪುರಗಳ ಹಾಗೆ ವರ್ಷವಿಡೀ ಒಂದೇ ರೂಪದಲ್ಲಿ ನಿಂತಿರುವುದಿಲ್ಲ. ಈ ಲೇಖನದ ವಾದ ಇಷ್ಟು: ಕೈಯಲ್ಲಿರುವ ಸಮಯ ಕಡಿಮೆಯಾದಷ್ಟೂ ಊರುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಜಲಾಶಯದ ಅಂಕಿ ನೋಡಿ ದಿನ ಗೊತ್ತುಮಾಡಬೇಕು. ಆ ದಿನವೂ ಮುಖಪುಟದ ಸುದ್ದಿಯಾಗುವ ಮಹಾಪೂರದ ದಿನ ಆಗಬಾರದು, ಮಧ್ಯಮ ಹರಿವಿನ ದಿನ ಆಗಬೇಕು. ಇಷ್ಟು ಕೂಡಿಬಂದರೆ ಮೂರು ತಾಸು ಧಾರಾಳ. ಕೂಡಿಬರದಿದ್ದರೆ ಮೂರು ದಿನ ಇದ್ದರೂ ನೋಡಬೇಕೆಂದದ್ದು ಕಾಣುವುದಿಲ್ಲ.

ಕಟ್ಟಿದ ಜಲಪಾತ

ಮೊದಲ ಆಕ್ಷೇಪ ಏಳುವುದು ಡ್ಯಾಂನ ಬಗ್ಗೆಯೇ. ಅಣೆಕಟ್ಟೆಯಿಂದ ಬಿಟ್ಟ ನೀರೂ ಒಂದು ಜಲಪಾತವೇ? ಅದನ್ನು ನೋಡುವ ಬದಲು ಜೋಗಕ್ಕೇ ಹೋಗಬಾರದೇ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಜೋಗದ 253 ಮೀಟರ್ ಎತ್ತರ ನಿಸರ್ಗ ಕೊಟ್ಟದ್ದಾದರೂ ಅಲ್ಲಿ ಬೀಳುವ ನೀರಿನ ಪ್ರಮಾಣ ನಿಸರ್ಗದ ಕೈತಪ್ಪಿ ದಶಕಗಳಾದವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ಬಹುಪಾಲು ನೀರು ವಿದ್ಯುದಾಗಾರಗಳ ದಾರಿ ಹಿಡಿಯಿತು. ಬೇಸಿಗೆಯಲ್ಲಿ ಜೋಗಕ್ಕೆ ಹೋದವರು ಬಂಡೆ ನೋಡಿ ಬರುವುದು ಅದರಿಂದಲೇ. ಘಟಪ್ರಭೆಯ ಗೋಕಾಕ ಜಲಪಾತದ ಮೇಲೆ ಹಿಡಕಲ್ ಜಲಾಶಯವಿದೆ. ಅಂದರೆ ಇಂದು ಕರ್ನಾಟಕದ ದೊಡ್ಡ ಜಲಪಾತಗಳಲ್ಲಿ ಹಲವಕ್ಕೆ ಮೇಲೆ ಒಂದು ಗೇಟು ಇದ್ದೇ ಇದೆ, ಅದು ನೋಡುಗನ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಹೊಸಪೇಟೆಯಲ್ಲಿ ಗೇಟು ಕಣ್ಣೆದುರೇ ಇದೆ, ಅದರ ಲೆಕ್ಕ ದಿನವೂ ಪ್ರಕಟವಾಗುತ್ತದೆ. ಕಡಿಮೆ ಸಮಯದವನಿಗೆ ಇದು ಕೊರತೆಯಲ್ಲ, ಅನುಕೂಲ. ಇನ್ನು ದೂರದ ಮಾತು: ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಜೋಗವನ್ನು ಅರ್ಧ ದಿನದಲ್ಲಿ ನೋಡಿ ಬರಲಾರರು. ಹೊಸಪೇಟೆಯಿಂದಲೇ ಅದು 300 ಕಿ.ಮೀ.ಗೆ ಹತ್ತಿರ.

ನೋಟವೂ ಬೇರೆ ಜಾತಿಯದು. ಜೋಗದ್ದು ಎತ್ತರದ ಬೆರಗು, ಇಲ್ಲಿಯದು ಅಗಲದ ಬೆರಗು. 1945ರ ಫೆಬ್ರುವರಿಯಲ್ಲಿ ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನ ಸೇರಿ ಆರಂಭಿಸಿದ ಈ ಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. ಅಡಿಪಾಯದಿಂದ ಸುಮಾರು 49 ಮೀಟರ್ ಎತ್ತರ, ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ನಡುವೆ 33 ಕ್ರಸ್ಟ್ ಗೇಟುಗಳು, ಪ್ರತಿಯೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಗೇಟುಗಳ ಸಾಲೇ ಸುಮಾರು 700 ಮೀಟರ್ ಹಬ್ಬಿದೆ. ಇವುಗಳಲ್ಲಿ ಹೆಚ್ಚಿನವನ್ನು ಒಟ್ಟಿಗೆ ಎತ್ತಿದಾಗ ಬಿಳಿಯ ಗೋಡೆಯೊಂದು ಎದ್ದು ನಿಂತಂತಾಗುತ್ತದೆ. ಅದರ ಸದ್ದು ಮಲ್ಲಾಪುರದ ಗುಡ್ಡದ ಮೇಲಿನವರೆಗೂ ಕೇಳುತ್ತದೆ. ಮಳೆ ಕಡಿಮೆ ಬೀಳುವ ಸೀಮೆಯ ನಡುವೆ ಇಷ್ಟು ನೀರು ಕಾಣುವುದೇ ಇಲ್ಲಿಯ ವಿಶೇಷ. ಮೋಡ ಬಂದು ಮಳೆ ಸುರಿಯುವುದು ಶೃಂಗೇರಿ, ತೀರ್ಥಹಳ್ಳಿ, ಕೊಪ್ಪದ ಕಡೆ. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ, ಮುಂದೆ ವರದೆಯನ್ನೂ ಕೂಡಿಸಿಕೊಂಡು ಹೊಸಪೇಟೆಗೆ ಬರುತ್ತವೆ. ಹೊಸಪೇಟೆಯಲ್ಲಿ ಸುಡುಬಿಸಿಲಿದ್ದ ದಿನವೂ ಗೇಟುಗಳು ಭೋರ್ಗರೆಯುತ್ತಿರಬಹುದು, ಊರಲ್ಲೇ ಧೋ ಎಂದು ಮಳೆ ಬಂದ ದಿನವೂ ಒಂದು ಗೇಟೂ ತೆರೆಯದಿರಬಹುದು. ಆದ್ದರಿಂದ ಹೊರಡುವ ಮುಂಚೆ ಹೊಸಪೇಟೆಯ ಹವಾಮಾನ ನೋಡಿ ಪ್ರಯೋಜನವಿಲ್ಲ. ನೋಡಬೇಕಾದದ್ದು ಮಲೆನಾಡಿನದು.

ಅಂಕಿ ಓದುವ ಬಗೆ

ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಪುಟ್ಟ ಕೋಷ್ಟಕದಲ್ಲಿ ದಿನವೂ ಕೊಡುತ್ತವೆ. ತುಂಗಭದ್ರಾ ಮಂಡಳಿ ಮತ್ತು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಇದೇ ಅಂಕಿಗಳನ್ನು ಪ್ರಕಟಿಸುತ್ತವೆ. ಅದರಲ್ಲಿ ನಾಲ್ಕು ಸಂಖ್ಯೆ ಮುಖ್ಯ: ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಗೇಟುಗಳ ಎತ್ತರ 20 ಅಡಿ ಎಂದಮೇಲೆ ಅವುಗಳ ಬುಡ ಇರುವುದು 1,613 ಅಡಿಯಲ್ಲಿ. ನೀರು ಅದಕ್ಕಿಂತ ಕೆಳಗಿದ್ದರೆ ಗೇಟು ಎತ್ತಿದರೂ ಹನಿ ಬೀಳದು. ಅದಕ್ಕಿಂತ ಮೇಲಿದ್ದರೂ ಜಲಾಶಯ ಭರ್ತಿಯ ಹತ್ತಿರ ಬರುವವರೆಗೆ ಗೇಟು ಎತ್ತುವ ಕಾರಣ ಇರುವುದಿಲ್ಲ, ಏಕೆಂದರೆ ಆ ನೀರು ಬೆಳೆಯ ನೀರು. ಮೊದಲಿಗೆ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ ಈಗ 105.79 ಟಿಎಂಸಿಗೆ ಇಳಿದಿದೆ. ಈ ಸಂಖ್ಯೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಗೇಟು ಯಾವಾಗ ತೆರೆದೀತು ಎಂಬುದನ್ನು ಯಾರು ಬೇಕಾದರೂ ಅಂದಾಜು ಮಾಡಬಹುದು. ದಿನವಿಡೀ 11,600 ಕ್ಯುಸೆಕ್ ಒಂದೇ ಸಮನೆ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ ಆಗುತ್ತದೆ. ಸಂಗ್ರಹ 92 ಟಿಎಂಸಿ ಇದೆ, ಒಳಹರಿವು 80,000 ಕ್ಯುಸೆಕ್, ಕಾಲುವೆಗಳಿಗೆ ಹೋಗುವುದು 10,000 ಎಂದುಕೊಳ್ಳಿ. ದಿನಕ್ಕೆ ಉಳಿಯುವುದು ಸುಮಾರು 6 ಟಿಎಂಸಿ, ತುಂಬಬೇಕಾದದ್ದು 14ಕ್ಕೆ ತುಸು ಕಡಿಮೆ. ಎರಡು ದಿನದ ಆಚೆ ಈಚೆ ಗೇಟು ಎತ್ತುವ ಸುದ್ದಿ ಬರುತ್ತದೆ. ನಾಳಿದ್ದಿನ ಟಿಕೆಟ್ ಕಾಯ್ದಿರಿಸಲು ಇಷ್ಟು ಸಾಕು.

ಹೊರಹರಿವಿನ ಅಂಕಿಯಲ್ಲಿ ಒಂದು ತೊಡಕಿದೆ. ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆ, ಎಡದಂಡೆ ಕಾಲುವೆ, ವಿದ್ಯುದಾಗಾರ, ನದಿ, ಎಲ್ಲಕ್ಕೂ ಬಿಟ್ಟ ನೀರು ಅದರಲ್ಲಿ ಸೇರಿರುತ್ತದೆ. 10,000 ಕ್ಯುಸೆಕ್ ಹೊರಹರಿವು ಎಂದು ಓದಿ ಹೊರಟವರಿಗೆ ಡ್ಯಾಂನಲ್ಲಿ ಒಣ ಗೇಟುಗಳು ಕಾಣುವುದು ಇದರಿಂದ. ‘ನದಿಗೆ’ ಎಂದು ಬೇರೆಯಾಗಿ ಕೊಟ್ಟ ಅಂಕಿಯನ್ನು, ಇಲ್ಲವೇ ‘ಇಷ್ಟು ಗೇಟುಗಳನ್ನು ಇಷ್ಟು ಅಡಿ ಎತ್ತಲಾಗಿದೆ’ ಎಂಬ ಸುದ್ದಿಯನ್ನು ನಂಬಬೇಕು. ಹತ್ತು ಗೇಟು ಒಂದು ಅಡಿ ಎತ್ತುವುದಕ್ಕೂ ಮೂವತ್ತು ಗೇಟು ಎರಡು ಅಡಿ ಎತ್ತುವುದಕ್ಕೂ ನೋಟದಲ್ಲಿ ಬಹಳ ಅಂತರವಿದೆ. ಹೊಳೆಯ ಮೇಲ್ಭಾಗದಿಂದ ಮುನ್ಸೂಚನೆ ಬೇಕೆನ್ನುವವರು ಇನ್ನೆರಡು ಜಲಾಶಯ ನೋಡಬಹುದು. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಮಾತ್ರ. ಅದು ಬೇಗ ತುಂಬಿ, ಬಂದದ್ದನ್ನೆಲ್ಲ ಕೆಳಗೆ ಕಳಿಸುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿಯದು, ತನ್ನ ಹೊಟ್ಟೆ ತುಂಬುವವರೆಗೆ ಬಿಡುವುದಿಲ್ಲ. ಭದ್ರೆಯ ಗೇಟೂ ತೆರೆದಿದೆ ಎಂದರೆ ಹೊಸಪೇಟೆಯಲ್ಲಿ ಹರಿವು ಕೆಲವು ದಿನ ನಿಲ್ಲದು ಎಂದು ತಿಳಿಯಬಹುದು.

ಪಂಚಾಂಗದಂತೆ ತಿಂಗಳು ನೋಡಿ ಹೊರಡುವುದು ಏಕೆ ಸಾಲದು ಎಂಬುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. 2023ರಲ್ಲಿ ರಾಜ್ಯಕ್ಕೆ ಬರ ಬಂದು ಜಲಾಶಯ ತುಂಬಲೇ ಇಲ್ಲ. 2024ರಲ್ಲಿ ಜುಲೈ ಕೊನೆಯ ಹೊತ್ತಿಗೇ ಗೇಟುಗಳು ತೆರೆದವು. ಆ ವರ್ಷದ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ವಾರದೊಳಗೆ ಆ ಜಾಗಕ್ಕೆ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಲಾಯಿತು. 2025ರಲ್ಲಿ ಹಳೆಯ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು, ಆ ವರ್ಷದ ಕೊನೆಗೆ ಎಲ್ಲ ಗೇಟುಗಳನ್ನು ಬದಲಿಸುವ ಕೆಲಸ ಕೈಗೆತ್ತಿಕೊಂಡರು. ಸಂಗ್ರಹದ ಮಿತಿ ಇಳಿದ ವರ್ಷ ಗೇಟು ಬೇಗ ತೆರೆಯುತ್ತದೆ. ಹಿಂಗಾರು ಜೋರಾದ ವರ್ಷ ಅಕ್ಟೋಬರಿನಲ್ಲಿ ಎರಡನೇ ಅವಕಾಶವೂ ಸಿಗುತ್ತದೆ. ‘ಆಗಸ್ಟಿನಲ್ಲಿ ಹೋಗಿ’ ಎನ್ನುವ ಸಲಹೆ ಸರಾಸರಿಗೆ ಸರಿ, ನಿಮ್ಮ ಒಂದು ದಿನಕ್ಕೆ ಸರಿಯಾಗುತ್ತದೆಂಬ ಭರವಸೆ ಇಲ್ಲ. ಮೇಲಿನ ಲೆಕ್ಕದಲ್ಲಿ 105.79ರ ಜಾಗದಲ್ಲಿ ಆ ವರ್ಷ ಯಾವ ಮಿತಿ ಇದೆಯೋ ಅದನ್ನು ಇಟ್ಟುಕೊಳ್ಳಬೇಕು ಎಂಬುದೂ ಇದರಿಂದ ತಿಳಿಯುತ್ತದೆ.

ಹೆಚ್ಚು ನೀರು, ಕಡಿಮೆ ನೋಟ

ಹಾಗಾದರೆ ಅತಿ ಹೆಚ್ಚು ನೀರು ಬಿಟ್ಟ ದಿನವೇ ಅತ್ಯುತ್ತಮ ದಿನವಲ್ಲವೇ? ಮೇಲುನೋಟಕ್ಕೆ ಹೌದು. ‘ಹಂಪಿಯ ಸ್ಮಾರಕಗಳು ಜಲಾವೃತ’ ಎಂಬ ತಲೆಬರಹ ಬಂದ ಮರುದಿನವೇ ಡ್ಯಾಂನತ್ತ ವಾಹನಗಳ ಸಾಲು ಕಟ್ಟುತ್ತದೆ. ಆದರೆ ಕಡಿಮೆ ಸಮಯದವನಿಗೆ ಅದು ಎಲ್ಲಕ್ಕಿಂತ ಕೆಟ್ಟ ದಿನ. ಹರಿವು ಏರುತ್ತ ಹೋದಂತೆ ಹಂಪಿಯಲ್ಲಿ ಮೊದಲು ಪುರಂದರ ಮಂಟಪ ಮುಳುಗುತ್ತದೆ, ಆಮೇಲೆ ಚಕ್ರತೀರ್ಥದ ಸುತ್ತಲಿನ ಮಂಟಪಗಳು, ಕೋದಂಡರಾಮ ದೇವಾಲಯದ ಬಳಿಯ ದಾರಿ. ಹಂಪಿಯಿಂದ ವಿರುಪಾಪುರ ಗಡ್ಡೆಗೆ ಹೋಗುವ ದೋಣಿ ನಿಲ್ಲುತ್ತದೆ, ಆನೆಗೊಂದಿಯ ನವವೃಂದಾವನಕ್ಕೆ ಹೋಗಲಾಗುವುದಿಲ್ಲ. ಇನ್ನೂ ಏರಿದರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಬಂದು ಸಂಚಾರ ಕಡಿದುಹೋಗುತ್ತದೆ. ಆಗ ಎರಡೂ ದಡದ ವಾಹನಗಳು ಬುಕ್ಕಸಾಗರ–ಕಡೇಬಾಗಿಲು ಸೇತುವೆಗೆ ಸುತ್ತು ಹಾಕಬೇಕು. ಡ್ಯಾಂನ ಬಳಿ ಭದ್ರತೆ ಬಿಗಿಯಾಗಿ ಒಳಗೆ ಬಿಡುವುದನ್ನೇ ನಿಲ್ಲಿಸಬಹುದು. 2019ರ ಆಗಸ್ಟಿನಲ್ಲಿ ಪ್ರವಾಹ ಏರಿದಾಗ ವಿರುಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು, ಎನ್‌ಡಿಆರ್‌ಎಫ್ ದೋಣಿಗಳೂ ಹೆಲಿಕಾಪ್ಟರುಗಳೂ ಬಂದು ಅವರನ್ನು ಕರೆತರಬೇಕಾಯಿತು. ಅರ್ಧ ದಿನಕ್ಕೆಂದು ಬಂದವರು ದಿನಗಟ್ಟಲೆ ಕಾಯುವಂತಾಗುವುದು ಇಂಥ ಹರಿವಿನಲ್ಲೇ.

ಇದಕ್ಕೆ ಹೋಲಿಸಿದರೆ ನದಿಗೆ 30,000ದಿಂದ 80,000 ಕ್ಯುಸೆಕ್ ಬಿಡುವ ದಿನ ಎಷ್ಟೋ ಮೇಲು. ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್; ಅದರ ಅರ್ಧವೇ ಕಣ್ಣು ತುಂಬುವಷ್ಟು. ಸಾಕಷ್ಟು ಗೇಟುಗಳು ತೆರೆದಿರುತ್ತವೆ, ಪ್ರತಿ ಗೇಟಿನ ಧಾರೆಯೂ ಬೇರೆಬೇರೆಯಾಗಿ ಕಾಣುತ್ತದೆ. ಮಹಾಪೂರದಲ್ಲಾದರೋ ಎದ್ದ ತುಂತುರಿನ ಮಂಜಿನಲ್ಲಿ ಕಟ್ಟೆಯೇ ಮರೆಯಾದೀತು. ಮಧ್ಯಮ ಹರಿವಿನಲ್ಲಿ ರಸ್ತೆಗಳೂ ಸೇತುವೆಗಳೂ ತೆರೆದಿರುತ್ತವೆ, ಸುದ್ದಿ ತಣ್ಣಗಾದದ್ದರಿಂದ ಜನವೂ ಕಡಿಮೆ. ಗೇಟು ತೆರೆದ ಮೊದಲ ಭಾನುವಾರಕ್ಕಿಂತ ಎರಡನೇ ವಾರದ ಮಂಗಳವಾರವೋ ಬುಧವಾರವೋ ಒಳ್ಳೆಯದು ಎನ್ನುವುದು ಇದೇ ಲೆಕ್ಕದಿಂದ.

ಮಧ್ಯಮ ಹರಿವನ್ನು ಆರಿಸಲು ಅನುಕೂಲದ ಆಚೆಗೂ ಒಂದು ಕಾರಣವಿದೆ. ಮಹಾಪೂರ ನೋಡುಗನಿಗೆ ಹಬ್ಬ, ಕಂಪ್ಲಿ ಕೋಟೆಯ ಮನೆಗಳಿಗೂ ನದಿಯಂಚಿನ ಭತ್ತ, ಬಾಳೆ ತೋಟಗಳಿಗೂ ನಷ್ಟ. ಪೊಲೀಸರು, ಕಂದಾಯ ಸಿಬ್ಬಂದಿ ದಡದ ಊರುಗಳಲ್ಲಿ ಡಂಗುರ ಸಾರಿಸುತ್ತ ಓಡಾಡುವ ಹೊತ್ತಿನಲ್ಲಿ ಪ್ರವಾಸಿಗರ ದಟ್ಟಣೆಯನ್ನೂ ಅವರೇ ನಿಭಾಯಿಸಬೇಕಾಗುತ್ತದೆ. ಹಾಗೆಂದು ಗೇಟಿನಿಂದ ಬೀಳುವ ನೀರು ನೋಡಿ ಖುಷಿಪಡುವುದೇ ತಪ್ಪು ಎನ್ನಬೇಕಾಗಿಲ್ಲ. ಅದೇನೆಂದು ತಿಳಿದು ನೋಡಿದರೆ ಆಯಿತು: ಹೂಳು ತುಂಬಿದ ಜಲಾಶಯ ಹಿಡಿದಿಡಲಾರದ ನೀರು ಅದು. ಹಾಗೆ ಹೋಗುವ ನೀರಿನ ಒಂದು ಪಾಲನ್ನಾದರೂ ನಿಲ್ಲಿಸಬೇಕೆಂದೇ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯದ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ.

ಮೂರು ತಾಸಿನ ದಾರಿ

ದಿನ ಗೊತ್ತಾಯಿತೆಂದರೆ ಉಳಿದದ್ದು ಸರಳ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಹೊಸಪೇಟೆ ತಲುಪಿಸುತ್ತದೆ. ಹುಬ್ಬಳ್ಳಿ, ಬಳ್ಳಾರಿ ಕಡೆಯಿಂದ ರೈಲೂ ಬಸ್ಸೂ ಇವೆ. ಚಿತ್ರದುರ್ಗ–ವಿಜಯಪುರ ದಿಕ್ಕಿನ ಹೆದ್ದಾರಿ ಡ್ಯಾಂನ ಪಕ್ಕದಲ್ಲೇ ಹೊಳೆ ದಾಟುತ್ತದೆ. ಪೇಟೆಯಿಂದ ಡ್ಯಾಂಗೆ ಬಸ್ಸು ಅಥವಾ ಆಟೊ ಸಾಕು, ಅದಕ್ಕೆಂದೇ ಕಾರು ಮಾಡಬೇಕಿಲ್ಲ. ಮೂರು ತಾಸನ್ನು ಹೀಗೆ ಹಂಚಿಕೊಳ್ಳಬಹುದು: ಹೋಗಿ ಬರುವುದಕ್ಕೆ ಮುಕ್ಕಾಲು ತಾಸು, ಪ್ರವೇಶ ಚೀಟಿ ಮತ್ತು ಸರತಿಗೆ ಅರ್ಧ ತಾಸು, ಉಳಿದ ಒಂದೂಮುಕ್ಕಾಲು ತಾಸು ನೋಡುವುದಕ್ಕೇ. ಪ್ರವೇಶದ ವೇಳೆ, ದರ, ಗುಡ್ಡದ ಮೇಲಕ್ಕೆ ಬಿಡುತ್ತಾರೋ ಇಲ್ಲವೋ ಎಂಬುದು ಹರಿವಿಗೆ ಮತ್ತು ಭದ್ರತೆಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಹೊಸಪೇಟೆಯಲ್ಲಿ ಇಳಿದ ಕೂಡಲೇ ಆಟೊದವರನ್ನು ಕೇಳಿದರೆ ಆ ದಿನದ ಸ್ಥಿತಿ ಗೊತ್ತಾಗುತ್ತದೆ.

ನಿಲ್ಲುವ ಜಾಗ ಎರಡಿದ್ದರೆ ಸಾಕು. ಒಂದು, ವೈಕುಂಠ ಅತಿಥಿಗೃಹವಿರುವ ಗುಡ್ಡ. ಅಲ್ಲಿಂದ ಒಂದು ಕಡೆ ಕಡಲಿನಂಥ ಹಿನ್ನೀರು, ಇನ್ನೊಂದು ಕಡೆ ಗೇಟುಗಳ ಸಾಲು, ಅದರಾಚೆ ಹೊಳೆ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಕಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಮಕ್ಕಳಿಗೂ ಅರ್ಥವಾಗುವುದು ಇಲ್ಲಿಂದಲೇ. ಎರಡು, ಕೆಳಗಿನ ಉದ್ಯಾನದ ಕಡೆಯಿಂದ ಬಿಡುವಷ್ಟು ದೂರ ಹೋಗಿ ನೀರಿನ ಸದ್ದಿಗೆ ಹತ್ತಿರವಾಗುವುದು. ಹಿನ್ನೀರು ಪಶ್ಚಿಮಕ್ಕಿರುವುದರಿಂದ ನೀರು ಬೀಳುವ ಮುಖಕ್ಕೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಫೋಟೊ ಬೇಕೆನ್ನುವವರು ಬೆಳಿಗ್ಗೆ ಹೋಗಬೇಕು. ಸಂಜೆ ಹೋದರೆ ಹಿನ್ನೀರಿನ ಮೇಲೆ ಸೂರ್ಯ ಮುಳುಗುವುದನ್ನೂ, ಗೇಟುಗಳಿಗೆ ಬಣ್ಣದ ದೀಪ ಹಾಕಿದ್ದರೆ ಅದನ್ನೂ ನೋಡಬಹುದು. ಎರಡೂ ಬೇಕೆಂದು ದಿನವಿಡೀ ಅಲ್ಲೇ ಕಾಯುವುದು ದಂಡ. ಹೆದ್ದಾರಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ನೋಡುವುದಂತೂ ಬೇಡವೇ ಬೇಡ. ಅದಿರು ಲಾರಿಗಳು ಬಿಡುವಿಲ್ಲದೆ ಓಡಾಡುವ ರಸ್ತೆ ಅದು. ಹಸಿವಾದರೆ ಡ್ಯಾಂ ಬಳಿಯ ಅಂಗಡಿಗಳಲ್ಲಿ ಹುರಿದ ಮೀನು, ಪೇಟೆಯಲ್ಲಿ ಮಂಡಕ್ಕಿ–ಮಿರ್ಚಿ, ಜೋಳದ ರೊಟ್ಟಿಯ ಖಾನಾವಳಿಗಳಿವೆ. ಊಟಕ್ಕಾಗಿ ಬೇರೆ ಯೋಜನೆ ಅಗತ್ಯವಿಲ್ಲ.

ಹಂಪಿಯನ್ನು ಬಿಡುವುದೇ?

ಈ ವಾದಕ್ಕೆ ಬರುವ ಅತಿ ಬಲವಾದ ಆಕ್ಷೇಪ ಇದು: ಹೊಸಪೇಟೆಯವರೆಗೆ ಬಂದು ಹಂಪಿ ನೋಡದೆ ಹೋಗುವುದೇ? 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಊರನ್ನು ಬಿಟ್ಟು ಅಣೆಕಟ್ಟೆ ನೋಡಿ ಹೋಗುವುದು ಅವಿವೇಕವಲ್ಲವೇ? ಹಂಪಿಯ ಮೇಲಿನ ಗೌರವದಿಂದಲೇ ಇದಕ್ಕೆ ಉತ್ತರ ಹೇಳಬಹುದು. ವಿಠ್ಠಲ ದೇವಾಲಯ, ಕಮಲ ಮಹಲಿನ ಆವರಣ, ಹಜಾರ ರಾಮ, ಮಹಾನವಮಿ ದಿಬ್ಬ, ವಿರೂಪಾಕ್ಷ, ಹೇಮಕೂಟ ಇವೆಲ್ಲ ಒಂದಕ್ಕೊಂದು ಕಿಲೋಮೀಟರುಗಳ ದೂರದಲ್ಲಿ ಹರಡಿವೆ. ವಿಠ್ಠಲ ದೇವಾಲಯ ಒಂದಕ್ಕೇ ವಾಹನ ನಿಲ್ಲಿಸಿ, ಬ್ಯಾಟರಿ ಗಾಡಿಗೆ ಕಾದು ಹೋಗಬೇಕು. ಎರಡು ತಾಸಿನಲ್ಲಿ ಹಂಪಿ ಮುಗಿಸುತ್ತೇನೆ ಎನ್ನುವವನು ಕಲ್ಲಿನ ರಥದ ಮುಂದೆ ಒಂದು ಫೋಟೊ ಹೊಡೆಸಿಕೊಳ್ಳುತ್ತಾನೆಯೇ ಹೊರತು ಹಂಪಿ ನೋಡುವುದಿಲ್ಲ. ಆ ಕಲ್ಲುಗಳು ಜನವರಿಯಲ್ಲೂ ಇರುತ್ತವೆ, ಬಿಸಿಲು ಹಿತವಾಗಿರುವ ಆ ತಿಂಗಳಲ್ಲಿ ಅವುಗಳ ನಡುವೆ ನಡೆದಾಡುವುದೂ ಸುಲಭ. ಗೇಟುಗಳು ತೆರೆದಿರುವುದು ವರ್ಷದಲ್ಲಿ ಕೆಲವೇ ವಾರ. ಎಂದಾದರೂ ನೋಡಬಹುದಾದದ್ದನ್ನು ಮುಂದಕ್ಕೆ ಹಾಕಿ, ಈಗಷ್ಟೇ ಸಿಗುವುದನ್ನು ನೋಡುವುದು ಸರಿಯಾದ ಕ್ರಮ.

ಆರು ತಾಸು ಇದ್ದವರಿಗೆ ಒಂದು ನಡುದಾರಿಯಿದೆ: ಹಂಪಿಯಲ್ಲೂ ನೀರನ್ನೇ ಹಿಂಬಾಲಿಸುವುದು. ಡ್ಯಾಂ ನೋಡಿದ ಮೇಲೆ ನೇರ ವಿರೂಪಾಕ್ಷ ದೇವಾಲಯಕ್ಕೆ ಬಂದು ಹೇಮಕೂಟ ಹತ್ತಿ, ಅನಂತರ ದಡದ ಕಡೆ ಎಷ್ಟು ದೂರ ಬಿಡುತ್ತಾರೋ ಅಷ್ಟೇ ನಡೆದರೆ, ಬೆಳಿಗ್ಗೆ ಗೇಟಿನಿಂದ ಬಿದ್ದ ಹೊಳೆಯೇ ಬಂಡೆಗಳ ನಡುವೆ ಸೀಳಿಕೊಂಡು ಹೋಗುವುದು ಕಾಣುತ್ತದೆ. ಬರುವ ದಾರಿಯಲ್ಲಿ ಕಣ್ಣಿಗೆ ಬೀಳುವ ಕಾಲುವೆಗಳನ್ನೂ ಗಮನಿಸಬೇಕು. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ವಿಜಯನಗರದ ಕಾಲದವು, ಇಂದಿಗೂ ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿವೆ. ತುಂಗಭದ್ರೆಗೆ ಕಟ್ಟೆ ಕಟ್ಟಿ ನೀರು ತಿರುಗಿಸುವ ವಿದ್ಯೆ ಈ ಸೀಮೆಗೆ 1945ರಲ್ಲಿ ಬಂದದ್ದಲ್ಲ. ಡ್ಯಾಂನ ನೋಟವನ್ನೂ ಹಂಪಿಯನ್ನೂ ಬೆಸೆಯುವುದು ಈ ಕಾಲುವೆಗಳು. ಅರ್ಧ ದಿನದ ಪ್ರವಾಸಕ್ಕೆ ಅರ್ಥ ಬರಲು ಇಂಥ ಒಂದು ಎಳೆ ಸಾಕು. ಇದರ ಮೇಲೆ ಇನ್ನೂ ಎರಡು ತಾಸು ಉಳಿದರೆ ಕಂಪ್ಲಿಯವರೆಗೆ ಹೋಗಿ ಬರಬಹುದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಹೊಳೆ ತುಂಬಿದಾಗ ನೀರುನಾಯಿ ಕಾಣುವುದು ಅಪರೂಪ. ಆದರೆ ಬಂಡೆ, ನಡುಗಡ್ಡೆಗಳ ಹಂಪಿಯ ಹೊಳೆ ಕಂಪ್ಲಿಗೆ ಬರುವಷ್ಟರಲ್ಲಿ ಗದ್ದೆಬಯಲಿನ ಹೊಳೆಯಾಗಿ ಅಗಲಗೊಳ್ಳುವುದನ್ನು ನೋಡಬಹುದು.

ಹಳೆಯ ಪ್ರವಾಸ ಪುಸ್ತಕ ಹಿಡಿದು ಬರುವವರು ಎರಡು ವಿಷಯ ತಿದ್ದಿಕೊಳ್ಳಬೇಕು. ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಬಳಿಕ 2020ರಲ್ಲಿ ತೆರವು ಮಾಡಲಾಗಿದೆ, ಅಲ್ಲಿ ತಂಗುವ ಲೆಕ್ಕ ಹಾಕಬೇಡಿ. ಇನ್ನು, 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಂಪಿ ಅದರೊಳಗೆ ಬಂದಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಮುನಿರಾಬಾದ್, ಆನೆಗೊಂದಿ, ಸಾಣಾಪುರ ಕೊಪ್ಪಳ ಜಿಲ್ಲೆಯವು. ಪ್ರವಾಹದ ಸಮಯದಲ್ಲಿ ದೋಣಿ, ಸೇತುವೆ, ಘಟ್ಟಗಳ ಮೇಲಿನ ನಿರ್ಬಂಧ ಮೂರು ಜಿಲ್ಲಾಡಳಿತಗಳಿಂದ ಬೇರೆಬೇರೆಯಾಗಿ ಹೊರಡುತ್ತದೆ. ಒಂದು ದಡದಲ್ಲಿ ಬಿಟ್ಟರೆಂದು ಇನ್ನೊಂದು ದಡದಲ್ಲೂ ಬಿಡುತ್ತಾರೆ ಎಂದುಕೊಳ್ಳುವಂತಿಲ್ಲ.

ಗೇಟು ಮುಚ್ಚಿದ್ದರೆ

ಕೊನೆಯ ಆಕ್ಷೇಪ ಸಂಸಾರಸ್ಥರದು: ರಜೆ ಮೊದಲೇ ಬರೆದುಕೊಟ್ಟಾಗಿದೆ, ಮಕ್ಕಳ ಶಾಲೆಯ ರಜೆ ಗೊತ್ತಾಗಿದೆ, ಅಂಕಿ ನೋಡಿ ದಿನ ಬದಲಿಸಲು ನಮ್ಮಿಂದಾಗದು. ಮಾತು ನಿಜ. ದಿನ ಬದಲಿಸಲಾಗದವರು ಸ್ಥಳ ಬದಲಿಸಲು ಸಿದ್ಧರಿರಬೇಕು. ಹೊರಡುವ ಹಿಂದಿನ ದಿನ ನದಿಗೆ ನೀರು ಬಿಟ್ಟಿಲ್ಲವೆಂದರೆ ಡ್ಯಾಂ ಅನ್ನು ಪಟ್ಟಿಯಿಂದ ತೆಗೆದು ಸಂಡೂರಿಗೆ ಹೋಗುವುದು ಜಾಣತನ. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಎಂದು ಗಾಂಧೀಜಿ ಹೇಳಿದರೆನ್ನುವ ಮಾತು ಆ ಊರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಯಾರು ಹೇಳಿದರೇನು, ಮಾತಿನಲ್ಲಿ ತಿಂಗಳನ್ನು ಹೆಸರಿಸಿರುವುದು ಅನುಭವದಿಂದ. ಮುಂಗಾರು ಮುಗಿಯುವ ಹೊತ್ತಿಗೆ ಅಲ್ಲಿಯ ಗುಡ್ಡಗಳು ಹಸಿರು ಹೊದ್ದಿರುತ್ತವೆ, ನಾರಿಹಳ್ಳ ಜಲಾಶಯದಲ್ಲಿ ನೀರಿರುತ್ತದೆ, ಗಂಡಿ ನರಸಿಂಹಸ್ವಾಮಿ ಗುಡಿಯ ಬಳಿ ಗುಡ್ಡ ಸೀಳಿದ ಕಣಿವೆಯಿದೆ. ಪ್ರಾಚೀನ ಕುಮಾರಸ್ವಾಮಿ ದೇವಾಲಯವೂ ರಾಮಗಡದ ನೋಟವೂ ಕಾಡಿನ ನಡುವೆ ಇವೆ. ಗಣಿ ಲಾರಿಗಳ ದಟ್ಟಣೆ ಇರುವುದರಿಂದ ಬೆಳಿಗ್ಗೆ ಬೇಗ ಹೊರಡಬೇಕು. ಧುಮ್ಮಿಕ್ಕುವ ನೀರು ಅಲ್ಲಿ ಸಿಗದು, ಆದರೆ ಒಣ ಗೇಟು ನೋಡಿ ಮುಖ ಸಪ್ಪೆ ಮಾಡಿಕೊಳ್ಳುವುದಕ್ಕಿಂತ ತುಂಬಿದ ಕಣಿವೆ ನೋಡುವುದು ಲೇಸು. ನವೆಂಬರಿನಿಂದ ಮೇವರೆಗೆ ಬರುವವರು ಜಲಪಾತದ ಆಸೆಯನ್ನೇ ಬಿಟ್ಟು ಹಂಪಿಗೇ ದಿನವನ್ನು ಕೊಡಬೇಕು. ಮಧ್ಯಾಹ್ನ ಉಳಿದರೆ ದರೋಜಿ ಕರಡಿಧಾಮವಿದೆ.

ಗೇಟು ತೆರೆದಿಲ್ಲವೆಂದು ಸಾಣಾಪುರದ ಕಡೆಯ ಬಂಡೆಗಳ ನಡುವೆ ನೀರು ಹುಡುಕಿಕೊಂಡು ಹೋಗುವವರೂ ಇದ್ದಾರೆ. ‘ಹಂಪಿ ಫಾಲ್ಸ್’ ಎಂಬ ಹೆಸರಿನಲ್ಲಿ ಆ ಜಾಗ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ನೋಡುವುದಕ್ಕೆ ಅಡ್ಡಿಯಿಲ್ಲ, ನೀರಿಗೆ ಇಳಿಯುವುದು ಬೇಡ. 2025ರ ಫೆಬ್ರುವರಿಯಲ್ಲಿ, ಅಂದರೆ ಪ್ರವಾಹವೇ ಇಲ್ಲದ ಕಾಲದಲ್ಲಿ, ಅಲ್ಲಿ ಬಂಡೆಯಿಂದ ಹೊಳೆಗೆ ಜಿಗಿದ ಪ್ರವಾಸಿಯೊಬ್ಬರು ಕೊಚ್ಚಿಹೋದರು. ಬಂಡೆಯ ಸಂದುಗಳಲ್ಲಿ ನೀರು ಎಳೆದುಕೊಳ್ಳುವ ಬಗೆ ಮೇಲಿನಿಂದ ಕಾಣುವುದಿಲ್ಲ, ಮೇಲೆ ಡ್ಯಾಂನಲ್ಲಿ ಹೊರಹರಿವು ಹೆಚ್ಚಿಸಿದರೆ ಕೆಲವೇ ತಾಸಿನಲ್ಲಿ ಮಟ್ಟ ಏರುತ್ತದೆ, ಹೊಳೆಯಲ್ಲಿ ಮೊಸಳೆಗಳೂ ಇವೆ. ಸಮಯ ಕಡಿಮೆ ಇರುವವನೇ ಹೆಚ್ಚು ಅವಸರದವನು, ಅವಸರದವನೇ ಎಚ್ಚರಿಕೆಯ ಫಲಕ ಓದದೆ ಹೋಗುವವನು. ಅದಕ್ಕೇ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಇಷ್ಟನ್ನೂ ಹೊರಡುವ ಹಿಂದಿನ ಸಂಜೆ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗೆ ಇಳಿಸಬಹುದು. ನದಿಗೆ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ? 30,000ಕ್ಕಿಂತ ಕಡಿಮೆಯಾಗಿದ್ದರೆ ಸಂಡೂರು ಅಥವಾ ಹಂಪಿ, ಲಕ್ಷ ದಾಟಿದ್ದರೆ ಕೆಲವು ದಿನ ತಡೆದು ಹೊರಡಿ. ಒಳಹರಿವು ಏರುತ್ತಿದೆಯೋ ಇಳಿಯುತ್ತಿದೆಯೋ? ಏರುತ್ತಿದ್ದರೆ ಹಂಪಿಯ ದಡದ ಭಾಗವನ್ನು ಯೋಜನೆಯಿಂದ ಕೈಬಿಡಿ, ಇಳಿಯುತ್ತಿದ್ದರೆ ಅದನ್ನು ಸೇರಿಸಿಕೊಳ್ಳಿ. ಕೈಯಲ್ಲಿ ಎಷ್ಟು ತಾಸಿದೆ? ಮೂರಿದ್ದರೆ ಡ್ಯಾಂ ಮಾತ್ರ, ಆರಿದ್ದರೆ ಡ್ಯಾಂ ಮತ್ತು ಹಂಪಿಯ ಹೊಳೆದಂಡೆ, ಎಂಟಿದ್ದರೆ ಕಂಪ್ಲಿಯೂ ಸೇರಲಿ. ಈ ಕ್ರಮ ತಿರುವುಮುರುವಾಗಬಾರದು. ತಾಸಿನ ಪ್ರಶ್ನೆ ಕೊನೆಗೇ ಬರಬೇಕು. ನಮ್ಮ ಬಿಡುವನ್ನು ಹೊಳೆ ಕೇಳುವುದಿಲ್ಲವಾದ್ದರಿಂದ ಹೊಳೆಯ ಲೆಕ್ಕವನ್ನು ನಾವೇ ಮೊದಲು ಕೇಳಿಕೊಂಡು ಹೊರಡುವುದು ಒಳ್ಳೆಯದು.